ನಮ್ಮ ಮುಖ ಯಾರ ಕೈಯಲ್ಲಿದೆ?



ಹೋದ ವರ್ಷ ಆಗಮನ ಕಾಲದ ಒಂದು ಸಂಜೆ, ಬಲಿಪೂಜೆ ಮುಗಿದ ಮೇಲೆ ವೃದ್ಧರೊಬ್ಬರು ಗುರುನಿವಾಸದ ಬಾಗಿಲಿಗೆ ಬಂದು ನಿಂತರು. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಂಬತ್ತರ ಸಮೀಪದ ವಯಸ್ಸು, ಎದೆಯಲ್ಲಿ ಇನ್ನೂ ಗಣಿಯ ಧೂಳಿನ ಕೆಮ್ಮು. "ಸಾಮಿ, ಮೊಮ್ಮಗಳು ಯಾರ ಹತ್ತಿರವೂ ಮಾತಾಡ್ತಿಲ್ಲ. ನೀವು ಒಂದು ಸಲ ಮನೆ ಕಡೆ ಬರಬೇಕು" ಎಂದರು.

ಆ ಹುಡುಗಿಯನ್ನು ನಾನು ಬಲ್ಲೆ. ನಮ್ಮ ಗಾನವೃಂದದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವಳು. ಬೆಳಗಿನ ಕತ್ತಲಲ್ಲಿ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ರಾತ್ರಿ ಮನೆ ಸೇರುವ ನಮ್ಮ ಊರಿನ ಸಾವಿರಾರು ದುಡಿಯುವ ಮಕ್ಕಳಲ್ಲಿ ಒಬ್ಬಳು. ಆಕೆಗೆ ಒಂದು ಸಂಬಂಧ ಕೂಡಿಬರುವುದರಲ್ಲಿತ್ತು. ಗಂಡಿನ ಮನೆಯವರು ಫೋಟೋ ಕೇಳಿದರು. ತಮ್ಮನು ಮೊಬೈಲಿನಲ್ಲಿ ಅವಳ ಚಿತ್ರ ತೆಗೆದು, ಅದರಲ್ಲೇ ಇರುವ ಯಾವುದೋ ಸೌಲಭ್ಯದಿಂದ ಮುಖವನ್ನು ಬೆಳ್ಳಗೆ ಮಾಡಿ, ಮೂಗನ್ನು ಸ್ವಲ್ಪ ತೆಳ್ಳಗೆ ಮಾಡಿ ಕಳಿಸಿದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಎಲ್ಲರೂ ಮಾಡುವುದನ್ನು ಅವನೂ ಮಾಡಿದ. ಗಂಡಿನವರು ಬಂದರು. ಬಂದವರಲ್ಲಿ ಒಬ್ಬ ಹಿರಿಯ ಹೆಂಗಸು ಮೊಬೈಲನ್ನು ಕೈಯಲ್ಲಿ ಹಿಡಿದು, ಒಮ್ಮೆ ಚಿತ್ರವನ್ನು ಒಮ್ಮೆ ಹುಡುಗಿಯನ್ನು ನೋಡುತ್ತಾ ಕೂತರಂತೆ. ಕಾಫಿ ಕುಡಿದು ಎದ್ದುಹೋದರು. ಎರಡು ದಿನದ ಮೇಲೆ "ಫೋಟೋದಲ್ಲಿದ್ದ ಹುಡುಗಿ ಬೇರೆ" ಎಂಬ ಒಂದು ಸಾಲಿನ ಸಂದೇಶ ಬಂತು.

ನಾನು ಮನೆಗೆ ಹೋದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅವರು ಬೇಡ ಅಂದಿದ್ದಕ್ಕೆ ದುಃಖ ಇಲ್ಲ ಫಾದರ್. ಆ ಫೋಟೋದಲ್ಲಿರೋಳು ನಿಜವಾಗ್ಲೂ ನಾನೇ ಆಗಿದ್ದಿದ್ರೆ ಅಂತ ಅನ್ನಿಸ್ತಿದೆ. ಈ ಮುಖ ನನಗೇ ಬೇಡ."

(ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಗುರುಮಠದಲ್ಲಿ ನಾವು ಮನುಷ್ಯನ ಸ್ವರೂಪವೇನೆಂದು ಎರಡು ಮೂರು ವರ್ಷ ತತ್ತ್ವಶಾಸ್ತ್ರ ಓದಿದ್ದೇವೆ. ಆ ಮನೆಯ ಮಂಚದ ತುದಿಯಲ್ಲಿ ಕೂತಾಗ ಅದರಲ್ಲಿ ಯಾವ ಪಾಠವೂ ತಕ್ಷಣ ಬಾಯಿಗೆ ಬರಲಿಲ್ಲ. ಆ ದಿನ ಹೇಳಲಾಗದ್ದನ್ನು ಈಗ ನಿಧಾನವಾಗಿ ಯೋಚಿಸಿ ಬರೆಯುತ್ತಿದ್ದೇನೆ.

ಕಥೆ ಹೇಳಿ ಮಾರುವ ವ್ಯಾಪಾರ

ಒಬ್ಬಳು ಹುಡುಗಿ ತನ್ನ ಮುಖವನ್ನು ತಾನೇ ಒಲ್ಲೆ ಎನ್ನಬೇಕಾದರೆ ಅದನ್ನು ಅವಳಿಗೆ ಯಾರೋ ಕಲಿಸಿರಬೇಕು. ಮಗು ಹುಟ್ಟುವಾಗ ಈ ವಿದ್ಯೆ ಕಲಿತು ಬರುವುದಿಲ್ಲ.

ನಮ್ಮ ದೇಶದ ರೇಡಿಯೋದಲ್ಲಿ, ಅಂದರೆ ವಿವಿಧಭಾರತಿಯಲ್ಲಿ, ಜಾಹೀರಾತು ಶುರುವಾದದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1975ರಲ್ಲಿ, ಫೇರ್ ಅಂಡ್ ಲವ್ಲಿ ಎಂಬ ಮುಖದ ಕ್ರೀಮು ಮಾರುಕಟ್ಟೆಗೆ ಬಂತು. ನಮ್ಮ ಪೀಳಿಗೆಯವರಿಗೆ ಅದರ ಜಾಹೀರಾತಿನ ಕಥೆ ಬಾಯಿಪಾಠ. ಕಪ್ಪಗಿನ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಸಿಗುತ್ತವೆ. ಅರ್ಧ ನಿಮಿಷದ ಈ ಕಥೆಯಲ್ಲಿ ಒಂದು ಪೂರ್ತಿ ಧರ್ಮೋಪದೇಶ ಅಡಗಿದೆ. ಅದರಲ್ಲಿ ಪಾಪವೆಂದರೆ ಕಪ್ಪು ಬಣ್ಣ, ರಕ್ಷಣೆಯೆಂದರೆ ಒಂದು ಟ್ಯೂಬು, ಸ್ವರ್ಗವೆಂದರೆ ನೌಕರಿ ಮತ್ತು ಮದುವೆ. ನಾವು ಭಾನುವಾರ ಒಂದು ಗಂಟೆ ಕಲಿಸುವುದನ್ನು ಇದು ವಾರದ ಏಳೂ ದಿನ ಕಲಿಸಿತು.

2014ರಲ್ಲಿ ದೇಶದ ಜಾಹೀರಾತು ಮಾನದಂಡ ಮಂಡಳಿಯು ಕಪ್ಪು ಬಣ್ಣದವರನ್ನು ಕೀಳಾಗಿ, ದುಃಖಿತರಾಗಿ, ಸೋತವರಾಗಿ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದಲೇ 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ' ಎಂದು ಮಾಡಿದರು. ಒಳ್ಳೆಯದೇ. ಆದರೆ ನಲವತ್ತೈದು ವರ್ಷ ಮನೆಮನೆಯಲ್ಲಿ ಕೇಳಿದ ಕಥೆಯನ್ನು ಡಬ್ಬಿಯ ಮೇಲಿನ ಹೆಸರು ಬದಲಿಸಿ ಅಳಿಸಲಾಗುವುದೇ?

ಇಲ್ಲಿ ಕಂಪನಿಯವರನ್ನು ಮಾತ್ರ ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಕಥೋಲಿಕ ಕುಟುಂಬಗಳು ಕೊಡುವ ವಧುವರರ ಜಾಹೀರಾತುಗಳನ್ನು ಒಮ್ಮೆ ಓದಿ ನೋಡಿ. "ಭಕ್ತಿವಂತಳಾದ, ಬೆಳ್ಳಗಿನ" ಎಂಬ ಎರಡು ಗುಣಗಳು ಅಕ್ಕಪಕ್ಕದಲ್ಲಿ ಕೂತಿರುತ್ತವೆ. ಯಾವುದು ಮುಖ್ಯವೆಂದು ಹುಡುಗಿ ನೋಡಲು ಬಂದ ದಿನ ತಿಳಿಯುತ್ತದೆ.

ಕಥೆ ಹೇಳಿ ಮಾರುವ ಈ ವಿದ್ಯೆ ಹಳೆಯದು. 1929ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ತಜ್ಞ, ಮನಶ್ಶಾಸ್ತ್ರಜ್ಞ ಫ್ರಾಯ್ಡನ ಸೋದರಳಿಯ, ಒಂದು ಸಿಗರೇಟು ಕಂಪನಿಗಾಗಿ ಕೆಲಸ ಮಾಡುತ್ತಿದ್ದ. ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಆಗ ಅವಮಾನದ ವಿಷಯ. ಅದನ್ನು ಮುರಿಯಲು ಆತ ಆರಿಸಿಕೊಂಡ ದಿನ ಯಾವುದು ಗೊತ್ತೇ? ಪಾಸ್ಖ ಹಬ್ಬದ ಭಾನುವಾರ! ಹೊಸ ಬಟ್ಟೆ ತೊಟ್ಟು ಜನ ಬೀದಿಯಲ್ಲಿ ನಡೆಯುವ ಆ ದಿನ, ಮೊದಲೇ ಗೊತ್ತುಪಡಿಸಿದ ಕೆಲವು ಯುವತಿಯರು ಸಿಗರೇಟು ಹಚ್ಚಿ ನಡೆದರು. ಛಾಯಾಗ್ರಾಹಕರು ಸಿದ್ಧರಿದ್ದರು. ಮರುದಿನ ಪತ್ರಿಕೆಗಳಲ್ಲಿ ಅದು ಜಾಹೀರಾತಾಗಿ ಅಲ್ಲ, ಸುದ್ದಿಯಾಗಿ, ಸ್ತ್ರೀ ಸ್ವಾತಂತ್ರ್ಯದ ಸುದ್ದಿಯಾಗಿ ಬಂತು. ಕೊಳ್ಳುವವಳು ಹೊಗೆಸೊಪ್ಪು ಕೊಳ್ಳುತ್ತಿದ್ದೇನೆಂದು ಭಾವಿಸಲಿಲ್ಲ, ಸ್ವಾತಂತ್ರ್ಯ ಕೊಳ್ಳುತ್ತಿದ್ದೇನೆಂದು ಭಾವಿಸಿದಳು. ಇಂದು ನಮ್ಮ ಮಕ್ಕಳು ಹಿಂಬಾಲಿಸುವ 'ಇನ್‌ಫ್ಲುಯೆನ್ಸರ್'ಗಳು ಆ ಯುವತಿಯರ ಮೊಮ್ಮಕ್ಕಳೆಂದರೆ ತಪ್ಪಾಗದು.

ಹೆಬ್ಬೆರಳಿನ ಗುರುತು

ಹಾಗಾದರೆ ಮೊಬೈಲಿನಲ್ಲಿ ಹೊಸದೇನಿದೆ? ಬಹಳ ಇದೆ.

ಟಿ.ವಿ.ಯಲ್ಲಿ ಬರುತ್ತಿದ್ದ ಸುಂದರಿ ದೂರದವಳು, ಮುಂಬಯಿಯವಳು. ಅವಳಿಗೂ ನಮಗೂ ಹೋಲಿಕೆಯಿಲ್ಲವೆಂದು ಮನಸ್ಸಿಗೆ ಗೊತ್ತಿತ್ತು. ಈಗ ಮೊಬೈಲಿನಲ್ಲಿ ಹೊಳೆಯುವವಳು ಪಕ್ಕದ ಸಾಲಿನ ಮನೆಯವಳು, ಜೊತೆಗೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದವಳು. "ಅವಳಿಗಾಗಿದ್ದು ನನಗೇಕಾಗಲಿಲ್ಲ?" ಎಂಬ ಪ್ರಶ್ನೆ ದೂರದವರನ್ನು ಕಂಡಾಗ ಹುಟ್ಟುವುದಿಲ್ಲ, ಹತ್ತಿರದವರನ್ನು ಕಂಡಾಗ ಹುಟ್ಟುತ್ತದೆ. ಕಾಯಿನನಿಗೆ ಹೊಟ್ಟೆಯುರಿದದ್ದು ತಮ್ಮನನ್ನು ಕಂಡೇ ಅಲ್ಲವೇ?

ಎರಡನೆಯದಾಗಿ, ಅಲ್ಲಿ ನಾವೇ ಪ್ರೇಕ್ಷಕರು, ನಾವೇ ಸರಕು. 2009ರಲ್ಲಿ ಫೇಸ್‌ಬುಕ್ 'ಲೈಕ್' ಗುಂಡಿಯನ್ನು ತಂದಿತು. ಅಂದಿನಿಂದ ಮೆಚ್ಚುಗೆಗೆ ಲೆಕ್ಕ ಬಂತು. ಮೊದಲು ಅಜ್ಜಿ "ಚೆನ್ನಾಗಿ ಕಾಣ್ತೀಯ" ಎಂದರೆ ಸಾಕಿತ್ತು. ಈಗ ಆ ಮಾತಿಗೆ ಅಂಕಿ ಬೇಕು, ಆ ಅಂಕಿ ಹೋದ ಸಲಕ್ಕಿಂತ ಕಡಿಮೆಯಾಗಬಾರದು. ಪುಸ್ತಕಕ್ಕೆ ಕೊನೆಯ ಪುಟವಿದೆ, ರೈಲಿಗೆ ಮಾರಿಕುಪ್ಪಂ ಎಂಬ ಕೊನೆಯ ನಿಲ್ದಾಣವಿದೆ. ಮೊಬೈಲಿನ ಪರದೆಗೆ ಕೊನೆಯಿಲ್ಲ. ಬೆರಳಾಡಿಸಿದಷ್ಟೂ ಬರುತ್ತಲೇ ಇರುವ ಈ ಏರ್ಪಾಟನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪದ ಮಾತನಾಡಿದ್ದಾರೆ.

ಈ ಸೇವೆಯೆಲ್ಲ ಪುಕ್ಕಟೆ ಎಂದು ನಾವು ತಿಳಿದಿದ್ದೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರನ್ನೂ ನಡೆಸುವ ಮೆಟಾ ಕಂಪನಿಯ 2023ರ ಆದಾಯದಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಭಾಗ ಜಾಹೀರಾತಿನಿಂದ ಬಂದದ್ದು. ಅಂಗಡಿಯಲ್ಲಿ ನಾವು ದುಡ್ಡು ಕೊಡುತ್ತಿಲ್ಲವೆಂದರೆ ತಕ್ಕಡಿಯಲ್ಲಿ ಕೂತಿರುವವರು ನಾವೇ ಎಂದರ್ಥ. ನಮ್ಮ ಗಮನ, ನಮ್ಮ ಸಮಯ, ನಮ್ಮ ಅತೃಪ್ತಿ, ಇವೇ ಅಲ್ಲಿ ಮಾರಾಟವಾಗುವ ಸರಕು. ತೃಪ್ತನಾದ ಮನುಷ್ಯನಿಗೆ ಏನನ್ನು ಮಾರಲು ಸಾಧ್ಯ?

2012ರ ಜನವರಿಯಲ್ಲಿ ಫೇಸ್‌ಬುಕ್ಕಿನವರು 6,89,003 ಮಂದಿಗೆ ಒಂದು ವಾರ ಕಾಣುವ ಬರಹಗಳನ್ನು ಏರುಪೇರು ಮಾಡಿ, ಕೆಲವರಿಗೆ ಸಂತೋಷದ ಬರಹಗಳನ್ನು, ಕೆಲವರಿಗೆ ದುಃಖದ ಬರಹಗಳನ್ನು ಕಡಿಮೆ ತೋರಿಸಿ, ಅವರು ಬರೆಯುವ ಮಾತು ಹೇಗೆ ಬದಲಾಗುತ್ತದೆಂದು ನೋಡಿದರು. ಸ್ವಲ್ಪವೇ ಆದರೂ ಬದಲಾಯಿತು. ಆ ಜನರಿಗೆ ತಮ್ಮ ಮೇಲೆ ಪ್ರಯೋಗ ನಡೆದದ್ದು ಗೊತ್ತೇ ಇರಲಿಲ್ಲ. 2014ರಲ್ಲಿ ಅಧ್ಯಯನ ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. 2021ರಲ್ಲಿ ಫ್ರಾನ್ಸಸ್ ಹಾಗೆನ್ ಎಂಬ ನೌಕರರು ಹೊರತಂದ ಅದೇ ಕಂಪನಿಯ ಆಂತರಿಕ ಕಾಗದಗಳಲ್ಲಿ ಇನ್ನೊಂದು ಸಂಗತಿ ಇತ್ತು. ತಮ್ಮ ದೇಹದ ಬಗ್ಗೆ ಮೊದಲೇ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಿಗೆ ಒಬ್ಬಳಂತೆ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸುತ್ತದೆಂದು ಅವರದೇ ಸಂಶೋಧಕರು ಬರೆದಿದ್ದರು. ಪತ್ರಿಕೆಗಳು ಅದನ್ನು ತಪ್ಪಾಗಿ ಅರ್ಥೈಸಿವೆ, ಅನೇಕ ಹುಡುಗಿಯರಿಗೆ ಒಳಿತೂ ಆಗಿದೆ ಎಂದು ಕಂಪನಿ ವಾದಿಸಿತು. ಇರಬಹುದು. ಆ ಮೂರನೆಯವಳ ಮನೆಗೆ ನಾನು ಹೋಗಿ ಬಂದಿದ್ದೇನೆ.

ಇಲ್ಲಿ ನಮ್ಮ ಊರಿನ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1930ರಲ್ಲಿ ಗಣಿ ಕಂಪನಿಗಳವರು ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟಾಗ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಮುಷ್ಕರ ಹೂಡಿದರು. ಓದು ಬರಹ ಬಾರದ, ಮರುದಿನದ ಗಂಜಿಗೆ ಆ ದಿನದ ಕೂಲಿಯನ್ನೇ ನಂಬಿದ ಜನ, ತಮ್ಮ ಬೆರಳಿನ ಗುರುತು ಬೇರೆಯವರ ವಶವಾಗುವುದನ್ನು ಒಪ್ಪಲಿಲ್ಲ. ಅವರ ಮರಿಮೊಮ್ಮಕ್ಕಳಾದ ನಾವು ದಿನಕ್ಕೆ ನೂರಾರು ಸಲ ಅದೇ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತುತ್ತಿದ್ದೇವೆ. ಯಾರೂ ಬಲವಂತ ಮಾಡುತ್ತಿಲ್ಲ.

ಅಲಿಪಿಯಸ್ ಕಣ್ಣು ತೆರೆದದ್ದು

"ಫಾದರ್, ನಾನು ಸುಮ್ಮನೆ ನೋಡ್ತೀನಿ ಅಷ್ಟೇ, ಅದು ನನಗೇನೂ ಮಾಡಲ್ಲ" ಎನ್ನುವ ಯುವಕರಿಗೆ ನಾನು ಸಂತ ಅಗಸ್ಟೀನರು ತಮ್ಮ ಆತ್ಮಕಥೆಯ ಆರನೆಯ ಭಾಗದಲ್ಲಿ ಹೇಳುವ ಅಲಿಪಿಯಸನ ಕಥೆ ಹೇಳುತ್ತೇನೆ. ಅಲಿಪಿಯಸ್ ಅಗಸ್ಟೀನರ ಪ್ರಿಯ ಗೆಳೆಯ. ಕಾನೂನು ಓದಲು ರೋಮಿಗೆ ಹೋಗಿದ್ದ. ಮನುಷ್ಯರು ಮನುಷ್ಯರನ್ನು ಕೊಲ್ಲುವ ಮಲ್ಲರಂಗದ ಆಟ ಅವನಿಗೆ ಅಸಹ್ಯ. ಒಂದು ದಿನ ಗೆಳೆಯರು ಎಳೆದುಕೊಂಡು ಹೋದರು. "ನನ್ನ ಮೈಯನ್ನು ಕೂರಿಸಬಹುದು, ಕಣ್ಣನ್ನು ತೆರೆಸಲಾರಿರಿ" ಎಂಬಂತೆ ಹಟ ಹಿಡಿದು ಕಣ್ಣು ಮುಚ್ಚಿ ಕೂತ. ಆದರೆ ಕಿವಿ ಮುಚ್ಚಿರಲಿಲ್ಲ. ಯಾರೋ ಒಬ್ಬ ಬಿದ್ದಾಗ ಇಡೀ ಜನಸಮೂಹ ಅಬ್ಬರಿಸಿತು. ಏನಾಯಿತೆಂದು ನೋಡೋಣ, ನೋಡಿ ತಿರಸ್ಕರಿಸೋಣ ಎಂದುಕೊಂಡು ಕಣ್ಣು ತೆರೆದ. ಮತ್ತೆ ಮುಚ್ಚಲಾಗಲಿಲ್ಲ. ಆ ಕ್ರೌರ್ಯವನ್ನು ಕುಡಿದು ಅಮಲೇರಿ, ತಾನೂ ಕೂಗಿ, ಮುಂದಿನ ಸಲ ತಾನೇ ಬೇರೆಯವರನ್ನು ಕರೆತರುವವನಾದ.

ಅಗಸ್ಟೀನರು ಇದನ್ನು ಬರೆದು ಸಾವಿರದ ಆರುನೂರು ವರ್ಷಗಳಾದವು. ಅವರು ಗುರುತಿಸಿದ ಸೂಕ್ಷ್ಮ ಇದು: ಅಲಿಪಿಯಸನ ತಪ್ಪು ದುರ್ಬಲನಾದದ್ದಲ್ಲ, ತಾನು ಬಲಶಾಲಿಯೆಂದು ನಂಬಿ ಒಬ್ಬನೇ ಹೋರಾಡಲು ಹೊರಟದ್ದು. ಗುಂಪಿನ ಕೂಗು ಇಂದು 'ಇಷ್ಟು ಲಕ್ಷ ಮಂದಿ ನೋಡಿದ್ದಾರೆ' ಎಂಬ ಅಂಕಿಯಾಗಿ ಬರುತ್ತದೆ. ಅಲಿಪಿಯಸ್ ಮುಂದೆ ಬಿಷಪರಾದರು, ಧರ್ಮಸಭೆ ಅವರನ್ನು ಸಂತರೆಂದು ಗೌರವಿಸುತ್ತದೆ ಎಂಬುದನ್ನೂ ಯುವಕರಿಗೆ ಹೇಳುತ್ತೇನೆ. ಅಷ್ಟು ಹೇಳದಿದ್ದರೆ ಕಥೆ ಅರ್ಧವಾದೀತು.

ನಮ್ಮ ಕಾಲದ ಕಥೋಲಿಕ ಚಿಂತಕ ರೆನೆ ಜಿರಾರ್ (1923–2015) ಇದನ್ನೇ ಬೇರೆ ರೀತಿ ವಿವರಿಸಿದರು. ಮನುಷ್ಯನ ಆಸೆ ಅವನ ಒಳಗಿನಿಂದ ತಾನಾಗಿ ಹುಟ್ಟುವುದಿಲ್ಲ. ಇನ್ನೊಬ್ಬ ಆಸೆಪಡುವುದನ್ನು ಕಂಡು ಇವನೂ ಆಸೆಪಡುತ್ತಾನೆ ಎನ್ನುತ್ತಾರವರು. ಹತ್ತನೆಯ ಕಟ್ಟಳೆಯನ್ನು ಅವರು ಓದುವ ರೀತಿ ಕೇಳಿ. ದೇವರು ಮೊದಲು ವಸ್ತುಗಳ ಪಟ್ಟಿ ಕೊಡುತ್ತಾರೆ: ಮನೆ, ಆಳು, ಎತ್ತು, ಕತ್ತೆ. ಪಟ್ಟಿ ಮುಗಿಯುವುದಿಲ್ಲವೆಂದು ಕಂಡು, ನೆರೆಯವನದಾದ ಏನನ್ನೂ ಆಶಿಸಬೇಡ ಎಂದು ಮುಗಿಸುತ್ತಾರೆ. ತೊಂದರೆ ಇರುವುದು ಎತ್ತಿನಲ್ಲಲ್ಲ, ನೆರೆಯವನ ಮೇಲೆ ನೆಟ್ಟ ನಮ್ಮ ಕಣ್ಣಿನಲ್ಲಿ.

ಊರಿಗೂ ಒಂದು ಮುಖವಿದೆ

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ತನ್ನ ಮುಖವನ್ನು ಬೇರೆಯವರ ಕನ್ನಡಿಯಲ್ಲಿ ನೋಡಿಕೊಳ್ಳುವುದು ಮನುಷ್ಯರಿಗೆ ಮಾತ್ರವಲ್ಲ, ಊರಿಗೂ ಆಗುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕೆ.ಜಿ.ಎಫ್.ಗೆ 'ಪುಟ್ಟ ಇಂಗ್ಲೆಂಡ್' ಎಂಬ ಹೆಸರಿತ್ತು. ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ನೋಡಿ ಇಟ್ಟ ಹೆಸರದು. ತಗಡು ಮತ್ತು ತಟ್ಟಿಯ ಕೂಲಿ ಲೈನುಗಳಲ್ಲಿದ್ದ ನಮ್ಮವರನ್ನು ನೋಡಿ ಇಟ್ಟದ್ದಲ್ಲ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಇಲ್ಲಿಗೆ ಬಂದದ್ದು ಗಣಿಯ ಯಂತ್ರಗಳಿಗಾಗಿ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿಗೆ ಹೇಳಿಕೊಳ್ಳಲು ಏನೂ ಉಳಿಯದಂತಾಯಿತು. ಆಮೇಲೆ 2018ರ ಡಿಸೆಂಬರಿನಲ್ಲಿ ನಮ್ಮ ಊರಿನ ಹೆಸರಿನ ಚಲನಚಿತ್ರ ಬಂತು, 2022ರ ಏಪ್ರಿಲಿನಲ್ಲಿ ಅದರ ಎರಡನೆಯ ಭಾಗ. ದೇಶವೆಲ್ಲ ನಮ್ಮ ಹೆಸರು ಹೇಳಿತು. ಅದು ಕಲ್ಪಿತ ಕಥೆ, ಅದರ ಮೇಲೆ ನನ್ನ ದೂರಿಲ್ಲ. ನಮ್ಮ ಯುವಕರು ಸಂತೋಷಪಟ್ಟರೆ ನನಗೂ ಸಂತೋಷ. ಆದರೆ ಸೈನೈಡ್ ದಿಬ್ಬದ ಮೇಲೆ ನಿಂತು, ಗಡ್ಡ ಬಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ವಿಡಿಯೋ ಮಾಡುವ ಹುಡುಗನಿಗೆ, ಆ ಬೂದು ಮಣ್ಣು ತನ್ನ ತಾತ ಕೆಳಗಿನಿಂದ ಮೇಲೆ ತಂದ ಕಲ್ಲಿನ ಪುಡಿ ಎಂಬುದು ಗೊತ್ತಿಲ್ಲದಿದ್ದರೆ ನಷ್ಟ ಯಾರದು? ಸುಮಾರು 120 ವರ್ಷಗಳಲ್ಲಿ ಇಲ್ಲಿಂದ 800 ಟನ್ನಿನಷ್ಟು ಚಿನ್ನ ಹೊರಬಂದಿದೆ. ಅದನ್ನು ತೆಗೆದವರ ಮನೆಯ ಹೆಣ್ಣುಮಕ್ಕಳ ಮದುವೆಗೆ ಇಂದು ಚಿನ್ನ ಸಾಲದಲ್ಲಿ ಬರುತ್ತಿದೆ.

ನನ್ನ ಲೆಕ್ಕ

ಇಷ್ಟು ಹೊತ್ತು ಬೇರೆಯವರ ಲೆಕ್ಕ ಹೇಳಿದೆ. ನನ್ನದನ್ನೂ ಹೇಳದಿದ್ದರೆ ಪರಿಸಾಯನಾಗುತ್ತೇನೆ. 2020ರ ಲಾಕ್‌ಡೌನ್ ದಿನಗಳಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಲಿಪೂಜೆಯ ನೇರಪ್ರಸಾರ ಶುರುಮಾಡಿದೆ. ಮೊದಲ ಭಾನುವಾರ ಖಾಲಿ ಬೆಂಚುಗಳನ್ನು ಕಂಡು ಅತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಬೆಂಚುಗಳ ಕಡೆ ನೋಡುವುದನ್ನೇ ಬಿಟ್ಟು, ಪರದೆಯ ಮೂಲೆಯಲ್ಲಿ ಎಷ್ಟು ಮಂದಿ ನೋಡುತ್ತಿದ್ದಾರೆಂಬ ಅಂಕಿಯನ್ನು ನೋಡತೊಡಗಿದ್ದೆ. ಒಂದು ದಿನ ಪರಮಪ್ರಸಾದವನ್ನು ಎತ್ತಿ ಹಿಡಿದ ಕ್ಷಣದಲ್ಲಿ ನನ್ನ ಕಣ್ಣು ಆ ಅಂಕಿಯ ಕಡೆ ಹೊರಳಿತು. ಕೈಯಲ್ಲಿ ಪ್ರಭುವಿದ್ದರು, ಕಣ್ಣು ಪ್ರೇಕ್ಷಕರ ಮೇಲಿತ್ತು. ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಮುಂದಿನ ವಾರದಿಂದ ಮೊಬೈಲಿನ ಪರದೆ ನನಗೆ ಕಾಣದಂತೆ ತಿರುಗಿಸಿ ಇಡಿಸಿದೆ.

ಇನ್ನು ಹಬ್ಬದ ಫ್ಲೆಕ್ಸುಗಳು. ಸಂತರ ಹಬ್ಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಸಂತರು ಒಂದು ಮೂಲೆಯಲ್ಲಿ, ನಾವು ಗುರುಗಳೂ ದಾನಿಗಳೂ ನಡುವೆ ಕೈಮುಗಿದು ನಿಂತಿರುತ್ತೇವೆ. ದಾನ ಮಾಡುವಾಗ ತುತ್ತೂರಿ ಊದಬೇಡಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದು (ಮತ್ತಾಯ 6) ನಮಗೆ ಚೆನ್ನಾಗಿ ಗೊತ್ತು. ಫ್ಲೆಕ್ಸಿನ ಬಗ್ಗೆ ಅವರೇನೂ ಹೇಳಿಲ್ಲವೆಂದು ಧೈರ್ಯ!

ಯಾರ ನೋಟ?

ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಒಬ್ಬ ಧನಿಕನು ಓಡಿಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಎಲ್ಲ ಆಜ್ಞೆಗಳನ್ನೂ ಬಾಲ್ಯದಿಂದ ಪಾಲಿಸಿದ್ದೇನೆ ಎನ್ನುತ್ತಾನೆ. ಆಗ ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರು ಎಂದು ಮಾರ್ಕನು ಮಾತ್ರ ಬರೆಯುತ್ತಾನೆ. ಮತ್ತಾಯ, ಲೂಕರಲ್ಲಿ ಈ ವಿವರವಿಲ್ಲ. ಗಮನಿಸಿ: ಆಸ್ತಿ ಮಾರಿ ಬಡವರಿಗೆ ಕೊಡು ಎಂಬ ಕಠಿಣ ಮಾತು ಬರುವುದು ಆ ನೋಟದ ನಂತರ. ಅವನು ಏನನ್ನಾದರೂ ಮಾಡಿ ತೋರಿಸುವ ಮೊದಲೇ ಪ್ರೀತಿ ಬಂದಾಗಿತ್ತು. ಜಾಹೀರಾತಿನ ಕ್ರಮ ಇದಕ್ಕೆ ತಲೆಕೆಳಗು: ಮೊದಲು ಬದಲಾಗು, ಕೊಳ್ಳು, ಹಚ್ಚಿಕೊ, ಆಮೇಲೆ ನೋಡೋಣ, ಆಮೇಲೆ ಪ್ರೀತಿಸೋಣ.

ದೇವರು ಮನುಷ್ಯನನ್ನು ತಮ್ಮ ಪ್ರತಿರೂಪದಲ್ಲಿ ಸೃಷ್ಟಿಸಿದರೆಂದು ಆದಿಕಾಂಡದ ಮೊದಲ ಅಧ್ಯಾಯ ಹೇಳುವಾಗ ಬಣ್ಣ, ಎತ್ತರ, ಮೂಗು ಯಾವುದನ್ನೂ ಹೇಳುವುದಿಲ್ಲ. ಗಂಡು ಹೆಣ್ಣಾಗಿ ಎಂದಷ್ಟೇ ಹೇಳುತ್ತದೆ. ಸಮುವೇಲ ಪ್ರವಾದಿಯು ಜೆಸ್ಸೆಯನ ಹಿರಿಮಗನ ರೂಪ, ಎತ್ತರ ಕಂಡು ಇವನೇ ಅರಸನಾಗತಕ್ಕವನೆಂದು ಮೋಸಹೋದದ್ದನ್ನೂ ದೇವರು ಅವನನ್ನು ತಿದ್ದಿದ್ದನ್ನೂ ನಾವು ಓದಿದ್ದೇವೆ. ಪ್ರವಾದಿಗೇ ಹಾಗಾದರೆ ಹುಡುಗಿ ನೋಡಲು ಬಂದ ಅತ್ತೆಯನ್ನು ತೀರಾ ಬೈಯಲಾರೆ.

ಜಾಹೀರಾತು ತನ್ನಷ್ಟಕ್ಕೆ ಕೆಟ್ಟದ್ದೆಂದು ಧರ್ಮಸಭೆ ಹೇಳಿಲ್ಲ. 1997ರ ಫೆಬ್ರವರಿಯಲ್ಲಿ ಸಮಾಜ ಸಂಪರ್ಕ ಮಾಧ್ಯಮಗಳ ವ್ಯಾಟಿಕನ್ ಮಂಡಳಿ ಈ ಕುರಿತೇ ಒಂದು ಪತ್ರ ಹೊರಡಿಸಿ ಮೂರು ಅಳತೆಗಳನ್ನು ಕೊಟ್ಟಿತು: ಸತ್ಯ, ಮನುಷ್ಯನ ಘನತೆ, ಸಮಾಜದ ಹೊಣೆ. ನಮ್ಮ ಧರ್ಮೋಪದೇಶ ತರಗತಿಯ ಒಂಬತ್ತನೆಯ ತರಗತಿ ಮಕ್ಕಳಿಗೆ ಈ ಮೂರನ್ನೂ ಹಲಗೆಯ ಮೇಲೆ ಬರೆದು, ಒಂದು ಚಿನ್ನದ ಅಂಗಡಿಯ ಜಾಹೀರಾತನ್ನು ತೋರಿಸಿದೆ. ಮೈತುಂಬ ಒಡವೆಯ ವಧು, ಪಕ್ಕದಲ್ಲಿ ಕಣ್ಣೀರು ಒರೆಸಿಕೊಳ್ಳುವ ತಂದೆ. "ಇದರಲ್ಲಿ ಸುಳ್ಳೇನಿದೆ?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅಪ್ಪ ಸಾಲ ಮಾಡಿದ್ದನ್ನ ತೋರಿಸಿಲ್ಲ ಫಾದರ್" ಎಂದ. ನಾನು ಒಂದು ಗಂಟೆಯ ಪಾಠ ಸಿದ್ಧಮಾಡಿಕೊಂಡು ಹೋಗಿದ್ದೆ. ಹತ್ತು ನಿಮಿಷದಲ್ಲಿ ಮುಗಿಯಿತು. ತಂದೆತಾಯಿಯರು ಮನೆಯಲ್ಲಿ, ವಾರಕ್ಕೊಂದು ಸಂಜೆ, ಯಾವುದಾದರೂ ಒಂದು ಜಾಹೀರಾತನ್ನು ಮುಂದಿಟ್ಟುಕೊಂಡು ಮಕ್ಕಳೊಡನೆ ಇದನ್ನು ಮಾಡಿನೋಡಿ. ನೀವು ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚಾದೀತು.

ಯಂತ್ರವನ್ನೇ ದೂರವಿಡಬೇಕೆಂಬ ವಾದ ನನ್ನದಲ್ಲ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಸಂತರ ಸಾಲಿಗೆ ಸೇರಿಸಿದ ಕಾರ್ಲೊ ಅಕುತಿಸ್ ಕಂಪ್ಯೂಟರನ್ನು ಬಲ್ಲ ಹುಡುಗ. 1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಇಂಟರ್ನೆಟ್ಟಿನಲ್ಲಿ ಪ್ರಕಟಿಸಿದ. ಅದೇ ಹುಡುಗ ವಿಡಿಯೋ ಆಟಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನಂತೆ. ಹುಡುಗರು ಅವನ ಜೀನ್ಸ್ ಪ್ಯಾಂಟನ್ನು ಮೆಚ್ಚುತ್ತಾರೆ. ಆ ಒಂದು ಗಂಟೆಯ ಮಾತು ಹೇಳಿದಾಗ ಮುಖ ತಿರುಗಿಸುತ್ತಾರೆ.

ಕೆಲವು ಮನೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಕಂಡಿದ್ದೇನೆ. ಸಂಜೆ ಜಪಸರಕ್ಕೆ ಕೂರುವಾಗ ಎಲ್ಲರ ಮೊಬೈಲುಗಳೂ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗಿನ ಹಲಗೆಯ ಮೇಲೆ ಹೋಗುತ್ತವೆ. ಊಟ ಮುಗಿಯುವವರೆಗೆ ಅಲ್ಲೇ ಇರುತ್ತವೆ. ಅಪ್ಪನದು ಮೊದಲು ಹೋಗಬೇಕು. ಅಪ್ಪನದು ಜೇಬಿನಲ್ಲೇ ಇದ್ದು ಮಗನದು ಮಾತ್ರ ಹಲಗೆ ಸೇರಿದರೆ ಅದು ಪೊಲೀಸ್ ಠಾಣೆ, ಮನೆಯಲ್ಲ. ರೈಲಿನಿಂದ ಇಳಿದು ಒಂಬತ್ತು ಗಂಟೆಗೆ ಮನೆ ಸೇರುವವರಿಗೆ ಇದು ಸುಲಭವಲ್ಲವೆಂದು ಗೊತ್ತು. ಬಂದ ಮಗಳ ಮುಖವನ್ನು ಪರದೆಯಿಂದ ಕಣ್ಣೆತ್ತಿ ಒಮ್ಮೆ ನೋಡಲು ಅಷ್ಟು ಹೊತ್ತು ಬೇಕಿಲ್ಲ. ಮದುವೆ ಮಾತುಕತೆಗೆ ಕಳಿಸುವ ಫೋಟೋದಲ್ಲಿ ಮುಖವನ್ನು ತಿದ್ದಬೇಡಿ ಎಂದು ನಮ್ಮ ವಿವಾಹ ಸಿದ್ಧತಾ ಶಿಬಿರದಲ್ಲಿ ಈಗ ನೇರವಾಗಿಯೇ ಹೇಳುತ್ತಿದ್ದೇನೆ. ಕೆಲವರು ನಗುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ.

ಆ ಸಂಜೆ ಆ ಮನೆಯಲ್ಲಿ ನಾನು ಇಷ್ಟೆಲ್ಲ ಹೇಳಲಿಲ್ಲವೆಂದು ಆಗಲೇ ಬರೆದೆ. ಹೊರಡುವ ಮುನ್ನ ಒಂದು ಚಿಕ್ಕ ಪ್ರಾರ್ಥನೆ ಮಾಡಿದೆವು. ಅಷ್ಟರಲ್ಲಿ ತಾತ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಕಪ್ಪುಬಿಳುಪು ಚಿತ್ರ ತಂದರು. ಚಾಂಪಿಯನ್ ರೀಫ್ಸಿನಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಹತ್ತು ಹನ್ನೆರಡು ಮಂದಿ. ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು, ಎಲ್ಲರ ಮುಖದ ಮೇಲೂ ಧೂಳು ಬೆವರು ಸೇರಿದ ಒಂದೇ ಮಸಿ. ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣದು.

"ಇದರಲ್ಲಿ ನಾನ್ಯಾರು ಹೇಳಿ ಸಾಮಿ" ಎಂದರು. ನಾನು ಕನ್ನಡಕ ಏರಿಸಿ, ಇಳಿಸಿ ನೋಡಿದೆ. ಇಬ್ಬರನ್ನು ತೋರಿಸಿದೆ, ಎರಡೂ ತಪ್ಪಾಯಿತು.

ಮಂಚದ ಮೇಲಿದ್ದ ಮೊಮ್ಮಗಳು ಎದ್ದುಬಂದು, ಬಗ್ಗಿ ನೋಡಿ, ಎಡಗಡೆಯಿಂದ ನಾಲ್ಕನೆಯವರ ಮೇಲೆ ಬೆರಳಿಟ್ಟಳು.

"ಹೇಗೆ ಗೊತ್ತಾಯಿತು?" ಎಂದೆ.

"ನಿಂತಿರೋದು ನೋಡಿ ಫಾದರ್, ಒಂದು ಭುಜ ಕೆಳಗೆ. ನಾನೂ ಹಾಗೇ ನಿಲ್ಲೋದು. ಗಾನವೃಂದದಲ್ಲಿ ಸಿಸ್ಟರ್ ಯಾವಾಗಲೂ ಬೈತಿದ್ರು."

ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಅವಳು ಬರಲಿಲ್ಲ. ತಪಸ್ಸುಕಾಲದ ಎರಡನೆಯ ಭಾನುವಾರ ಬಂದಳು. ಇನ್ನೂ ಮುಂದಿನ ಸಾಲಿಗೆ ಹೋಗಿಲ್ಲ, ತಾತನ ಪಕ್ಕದಲ್ಲಿ ಹಿಂದಿನ ಬೆಂಚಿನಲ್ಲಿ ನಿಂತು ಹಾಡುತ್ತಾಳೆ. ಪೀಠದ ಬ‍ಳಿ ನಿಂತರೆ ಅವಳ ದನಿ ನನಗೆ ಕೇಳಿಸುತ್ತದೆ.